ಯು.ಕೆ.ಜಿ. ಕೋಣೆಯಿಂದ ಒಂದನೇ ತರಗತಿಗೆ

ಗಂಗಾನಗರ
೧೪ ಜೂನ್ ೨೦೨೫, ಶನಿವಾರ ಬೆಳಿಗ್ಗೆ

ನನ್ನ ಪ್ರಿಯೂ,

ನಿನಗೂ ಪಾಪುಗೂ ಅಮ್ಮನ ಆಶೀರ್ವಾದ, ಅಳಿಯ ಚಿರಂತನ್‌ಗೂ ಹೇಳು. ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆದು ಮುಂದೆ ಹೋಗೋದು ವಾಡಿಕೆ. ಎರಡು ಸಲ ಹಾಗೇ ಬರೆದೆ, ಎರಡು ಸಲವೂ ಹಾಳೆ ಹರಿದು ಹಾಕಿದೆ. ಅಪ್ಪ ಕ್ಷೇಮ. ನಾನು ಸುಮಾರು.

ಕಳೆದ ಭಾನುವಾರ ನೀನು ಫೋನಿನಲ್ಲಿ ಹೇಳಿದ್ದನ್ನ ಅಪ್ಪ ಒಂದಕ್ಷರ ಬಿಡದೆ ನನಗೆ ಒಪ್ಪಿಸಿದರು. ಜುಲೈ ಒಂದರಿಂದ ನೀನು ಮತ್ತೆ ಸೋಲದೇವನಹಳ್ಳಿ ಕಾಲೇಜಿಗೆ ಪಾಠ ಮಾಡೋಕೆ ಹೋಗಬೇಕು. ಪಾಪುನ ಡೇಕೇರ್‌ಗೆ ಬಿಡೋದಾ, ನಮ್ಮ ಹತ್ತಿರ ಬಿಡೋದಾ ಇನ್ನೂ ತೀರ್ಮಾನ ಮಾಡಿಲ್ಲ. ಅಮ್ಮ ಹೇಗಿದ್ದಾಳೆ ಅಂತ ಅಮ್ಮನೇ ಬರೆದು ತಿಳಿಸಲಿ, ಮೆಸೇಜ್ ಮಾತ್ರ ಬೇಡ, ಮೆಸೇಜಿನಲ್ಲಿ ಅಮ್ಮ ಯಾವುದು ಬಾಟಲಿ ಯಾವುದು ಅಂತ ಗೊತ್ತಾಗಲ್ಲ ಅಂದೆಯಂತೆ. ಚುಚ್ಚಿತು ಕಣೇ. ಆದರೆ ಸರಿಯಾಗೇ ಹೇಳಿದ್ದೀಯ. ನಾನು ಕಳಿಸಿದ ಆ ಮೆಸೇಜುಗಳನ್ನ ನಾನೇ ಒಂದು ದಿನ ಕೂತು ಓದಿದೆ, ಮೈ ಉರಿದುಹೋಯಿತು. ಮೂವತ್ತೊಂದು ವರ್ಷ ಪ್ರೈಮರಿ ಮಕ್ಕಳ ಕೈ ಹಿಡಿದು ಕಾಪಿ ಬರೆಸಿದವಳು ನಾನು. ನನ್ನ ಅಕ್ಷರ ನಿನಗೆ ಗೊತ್ತು. ಗೆರೆ ಬಿಟ್ಟು ಎಲ್ಲಾದರೂ ಕೆಳಗೆ ಇಳಿದಿದ್ದರೆ ಅಲ್ಲಿಗೇ ಓದೋದು ನಿಲ್ಲಿಸು.

ಇನ್ನೊಂದು ಮಾತೂ ಹೇಳಿದೆಯಂತೆ. ಸಹಾಯಕ್ಕೆ ಯಾರನ್ನ ಇಟ್ಟುಕೊಂಡರೂ ಸರಿ, ಎಣ್ಣೆ ನೀರು ಹಾಕೋಕೆ ಬಂದು ಪಾಪು ಬೆನ್ನು ಸುಟ್ಟ ಆ ದ್ರೌಪದಮ್ಮ ಮಾತ್ರ ಮನೆ ಹತ್ತಿರ ಸುಳಿಯಬಾರದು ಅಂತ. ಆಯಿತು. ಆ ವಿಷಯ ಆಮೇಲೆ.

ಕೂತು ಕಾಲು ಗಂಟೆ ಆಗಿಲ್ಲ, ಆಗಲೇ ಮೂರು ಸಲ ಎದ್ದೆ. ಒಂದು ಸಲ ಗ್ಯಾಸ್ ಆಫ್ ಆಗಿದೆಯಾ ನೋಡೋಕೆ, ಒಂದು ಸಲ ಒಣಗದ ಬಟ್ಟೆ ಮುಟ್ಟಿ ನೋಡೋಕೆ, ಇನ್ನೊಂದು ಸಲ ಯಾತಕ್ಕೆ ಅಂತ ನನಗೇ ಗೊತ್ತಿಲ್ಲ. ಈಗ ಹೀಗೇ ಆಗಿದ್ದೀನಿ. ಕೈಗೆ ಏನಾದರೂ ಕೆಲಸ ಬೇಕು, ಇಲ್ಲದಿದ್ದರೆ ಸೆರಗಿನ ತುದಿ ಸುತ್ತುತ್ತಾ ಇರುತ್ತೆ.

ಮೊದಲಿಂದ ಹೇಳ್ತೀನಿ. ನೀನು ಹುಟ್ಟಿದಾಗ ಬಾಣಂತನದಲ್ಲಿ ನಿಮ್ಮಜ್ಜಿ ಲೇಹ್ಯದ ಮೇಲೆ ಒಂದು ಚಮಚ ಬ್ರಾಂದಿ ಹಾಕಿ ಕೊಡುತ್ತಿದ್ದರು, ಥಂಡಿ ಆಗಬಾರದು ಅಂತ. ಎಲ್ಲರ ಮನೆಯಲ್ಲೂ ಇದ್ದದ್ದೇ. ಅದರಿಂದ ಶುರುವಾಯಿತು ಅಂತ ಅವರ ಮೇಲೆ ಹಾಕಲ್ಲ, ಪಾಪ. ಶುರುವಾಗಿದ್ದು ರಿಟೈರ್ ಆದ ಮೇಲೆ. ನಿದ್ದೆ ಬರುತ್ತಿರಲಿಲ್ಲ, ಮೈಯೆಲ್ಲ ಬಿಸಿ ಹಬೆ, ಸಂಜೆ ನಾಲ್ಕು ಗಂಟೆ ಆದರೆ ಮನೆ ಗೋಡೆ ಮೈಮೇಲೆ ಬಂದಂತೆ ಆಗೋದು. ಕೆಮ್ಮಿಗೆ ಅಂತ ಮನೆಯಲ್ಲಿದ್ದ ಬಾಟಲಿ ನೆನಪಾಯಿತು. ಒಂದು ಚಮಚ ಹೋಗಿ ಒಂದು ಲೋಟ ಆಗೋಕೆ ಎರಡು ವರ್ಷ ಕೂಡ ಹಿಡಿಯಲಿಲ್ಲ.

ನಮ್ಮಂಥ ಹೆಂಗಸು ಬ್ರಾಂದಿ ಅಂಗಡಿಗೆ ಹೇಗೆ ಹೋಗ್ತಾಳೆ ಅಂತ ನೀನು ಅವತ್ತು ಕಿರುಚಿ ಕೇಳಿದ್ದೆ. ಬಹಳ ಸುಲಭ. ಹೆಬ್ಬಾಳದ ಹತ್ತಿರ ಒಂದು ಅಂಗಡಿಗೆ ಹೋಗಿ, ಮಗಳು ಬಾಣಂತಿ ಕಣಪ್ಪಾ ಅಂದರೆ ಸಾಕು. ಗಂಡಸರನ್ನೆಲ್ಲ ಪಕ್ಕಕ್ಕೆ ಸರಿಸಿ, ಪೇಪರ್ ಸುತ್ತಿ, ಅಮ್ಮಾ ಅಂತ ಮರ್ಯಾದೆಯಿಂದ ಕೊಡ್ತಾನೆ. ನೀನು ಪಾಪುನ ಎತ್ತಿಕೊಂಡು ಹೋಗಿ ನಾಲ್ಕು ತಿಂಗಳಾದ ಮೇಲೂ ನಾನು ಅದನ್ನೇ ಹೇಳ್ತಿದ್ದೆ. ಒಂದು ದಿನ ಅವನು, ಏನಮ್ಮಾ ನಿಮ್ಮ ಮಗಳ ಬಾಣಂತನ ಮುಗಿಯೋದೇ ಇಲ್ವಾ ಅಂದ. ಹಿಂದೆ ನಿಂತಿದ್ದವರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಆ ಬಾಟಲಿ ತೆಗೆಯುವಾಗ ಮುಚ್ಚಳ ಜಾರಿ ಮಂಚದ ಕೆಳಗೆ ಉರುಳಿಹೋಯಿತು. ಅದನ್ನ ಹುಡುಕುತ್ತಾ ನೆಲದ ಮೇಲೆ ಮೊಣಕಾಲೂರಿ ಅತ್ತೆ. ಅತ್ತು ಎದ್ದು ಕುಡಿದೆ. ಅದನ್ನೂ ಬರೆದುಬಿಡ್ತೀನಿ, ಯಾಕೆ ಮುಚ್ಚಿಡಲಿ.

ನೀನು ಹೊರಟ ದಿನದ ಬಗ್ಗೆ ನಿನಗೆ ಹೇಳಬೇಕಾಗಿಲ್ಲ. ಶೀತ ಅಂತ ನೀನು ಒಂದು ಚಮಚ ಬ್ರಾಂದಿ ಬಗ್ಗಿಸಿಕೊಂಡೆ, ಬಾಯಿಗೆ ಹಾಕಿದರೆ ಹಾಲಿಲ್ಲದ ಟೀ. ಕುಡಿದಷ್ಟಕ್ಕೂ ಟೀ ಡಿಕಾಕ್ಷನ್ ತುಂಬಿಸಿ ಮಟ್ಟ ಸರಿ ಮಾಡಿಡುವಷ್ಟು ಬುದ್ಧಿವಂತೆ ನಿನ್ನಮ್ಮ. ನೀನು ಆ ಚಮಚ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ.

ಜನವರಿಯಲ್ಲಿ ಡಾಕ್ಟರ್ ಹತ್ತಿರ ಹೋದೆ. ಲಿವರ್ ಟೆಸ್ಟ್ ನೋಡಿ ಆಕೆ ಏನೂ ಕೇಳಲಿಲ್ಲ. ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದು, ಕುಡಿತ ಬಿಟ್ಟವರು, ಬಿಡಬೇಕು ಅನ್ನೋರು ಸೇರೋ ಗುಂಪು, ಫೋನ್ ಮಾಡಿ ಅಂದರು. ಚೀಟಿಯನ್ನ ಹನ್ನೊಂದು ದಿನ ಪರ್ಸಲ್ಲಿ ಇಟ್ಟುಕೊಂಡು ತಿರುಗಿದೆ. ಹನ್ನೆರಡನೇ ದಿನ ಟೆರೇಸ್ ಮೇಲೆ ಹೋಗಿ ಫೋನ್ ಮಾಡಿದೆ. ಗುಂಡಣ್ಣ ಅನ್ನೋರು ಎತ್ತಿದರು. ನನಗೆ ಅಳು ಬಂದುಬಿಟ್ಟಿತು. ಅವರೇ ಮೆತ್ತಗೆ, ಯಜಮಾನರು ಕುಡೀತಾರೇನಮ್ಮಾ ಅಂತ ಕೇಳಿದರು.

ನಾನು ಹೂಂ ಅಂದೆ.

ಒಂದು ಹೂಂ ಪ್ರಿಯೂ. ಅಷ್ಟೇ. ಒಬ್ಬ ಹೆಂಗಸು ಅಳುತ್ತಾ ಫೋನ್ ಮಾಡಿದರೆ ಗಂಡನಿಗೋಸ್ಕರವೇ ಇರಬೇಕು ಅಂತ ಅವರು ಅಂದುಕೊಂಡರು. ಇರಲಿಬಿಡು, ಹಾಗೇ ಅಂದುಕೊಳ್ಳಲಿ ಅಂತ ನನಗೂ ಅನಿಸಿತು. ಚಿರಂತನ್ ಮನೆ ಪಾರ್ಟಿಯಲ್ಲಿ ವೈನ್ ಕುಡಿಯೋ ಕಾಲಿರೋ ಗ್ಲಾಸಲ್ಲಿ ಕಿತ್ತಳೆ ಜ್ಯೂಸ್ ಕೊಟ್ಟರೆ, ಸ್ಟೀಲ್ ಲೋಟ ಇದ್ದರೆ ಕೊಡಿ ಅಂದ ಮನುಷ್ಯ ನಿಮ್ಮಪ್ಪ. ಅವರನ್ನ ನಾನು ಒಂದು ಕ್ಷಣದಲ್ಲಿ ಕುಡುಕನನ್ನಾಗಿ ಮಾಡಿಬಿಟ್ಟೆ.

ಗುಂಪು ಸೇರೋದು ಆರ್.ಟಿ. ನಗರದ ಒಂದು ಚಿಕ್ಕ ಶಾಲೆಯಲ್ಲಿ, ಮಂಗಳವಾರ, ಶನಿವಾರ ಸಂಜೆ ಆರಕ್ಕೆ, ಮಕ್ಕಳೆಲ್ಲ ಹೋದ ಮೇಲೆ. ಒಂದನೇ ತರಗತಿಯ ಕೋಣೆಯಲ್ಲಿ ಕುಡಿಯೋರು, ಪಕ್ಕದ ಯು.ಕೆ.ಜಿ. ಕೋಣೆಯಲ್ಲಿ ಅವರ ಮನೆಯವರು. ಮಧ್ಯೆ ಇರೋದು ಒಂದು ಪ್ಲೈವುಡ್ ಗೋಡೆ. ನನ್ನನ್ನ ಯು.ಕೆ.ಜಿ.ಗೆ ಕಳಿಸಿದರು. ಮೊಣಕಾಲು ಎದೆಗೆ ತಾಗುವಷ್ಟು ಚಿಕ್ಕ ಕುರ್ಚಿ, ಗೋಡೆ ಮೇಲೆ ಅ ಆ ಇ ಈ ಚಾರ್ಟು. ಹೆಸರು ಬಿಟ್ಟು ಬೇರೇನೂ ಯಾರೂ ಕೇಳಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ಕೊನೆಯಲ್ಲಿ ಟೀ, ಬಿಸ್ಕತ್ತು. ಎಲ್ಲರೂ ಹೆಂಗಸರೇ. ನನ್ನ ಸರದಿ ಬಂದಾಗ ನಾನೂ ಹೇಳಿದೆ, ನಮ್ಮ ಮನೆಯವರು ಅಕ್ಕಿ ಡಬ್ಬದಲ್ಲಿ ಬಾಟಲಿ ಬಚ್ಚಿಡ್ತಾರೆ, ಸಂಜೆ ನಾಲ್ಕಕ್ಕೆ ನಾಲಿಗೆ ಬುಡ ಒಣಗುತ್ತೆ, ಮೊದಲ ಗುಟುಕು ಇಳಿಯೋವರೆಗೂ ಯಾರ ಮಾತೂ ಕಿವಿಗೆ ಹೋಗಲ್ಲ. ಎಲ್ಲರೂ ತಲೆ ಆಡಿಸಿದರು.

ತಲೆ ಆಡಿಸದವಳು ಕುಲ್ಸುಮ್ ಒಬ್ಬಳೇ. ಅಲ್ಲೇ ಆರ್.ಟಿ. ನಗರದಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ, ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಗಂಡ ಅಕ್ಬರ್ ಪಾಷಾ ಕುಡಿತ ಬಿಟ್ಟು ಆರು ವರ್ಷ ಆಯಿತು. ಟೀ ಕುಡಿಯುವಾಗ ನನ್ನ ಪಕ್ಕ ಬಂದು, ಜಯಕ್ಕಾ, ನಾಲಿಗೆ ಬುಡ ಒಣಗೋದು ನಿಮಗೆ ಹೆಂಗೆ ಗೊತ್ತಾಯ್ತು ಅಂದಳು. ಅವರೇ ಹೇಳಿದ್ದು ಅಂದೆ. ನಮ್ಮೋರು ಹದಿನೈದು ವರ್ಷ ಕುಡಿದರು, ಒಂದು ದಿನಾನೂ ಅದನ್ನ ಹೇಳಲಿಲ್ಲ ನೋಡಿ ಅಂದು ಬಿಸ್ಕತ್ತು ಮುರಿದು ಅರ್ಧ ನನ್ನ ಕೈಗಿಟ್ಟಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಮನೆಗೆ ಹೋಗಿ ಕುಡಿಯೋರ ಜೊತೆ ಮಾತಾಡೋದೂ ಇವರಲ್ಲಿ ಒಂದು ಪದ್ಧತಿ, ಅದು ನನಗೆ ಗೊತ್ತಿರಲಿಲ್ಲ. ಫೆಬ್ರವರಿ ಕೊನೆಯಲ್ಲಿ ಒಂದು ಭಾನುವಾರ ಹನ್ನೊಂದು ಗಂಟೆಗೆ ಗುಂಡಣ್ಣ, ಕುಲ್ಸುಮ್ ಇಬ್ಬರೂ ಗೇಟ್ ತೆಗೆದು ಒಳಗೆ ಬಂದೇಬಿಟ್ಟರು. ಅಪ್ಪ ಜಗಲಿಯಲ್ಲಿ ಕೂತು ಫ್ಯಾನಿನ ರೆಕ್ಕೆ ಬಿಚ್ಚಿ ಒರೆಸುತ್ತಿದ್ದರು. ಗುಂಡಣ್ಣ ಅವರ ಭುಜ ಹಿಡಿದು, ಸಾರ್, ನಾನೂ ನಿಮ್ಮ ಥರಾನೇ ಇದ್ದೆ, ಹೆಬ್ಬಾಳ ಸ್ಟಾಪಲ್ಲಿ ಮಲಗ್ತಿದ್ದೆ, ನಾಚಿಕೆ ಪಡಬೇಡಿ, ನಿಮ್ಮ ಮನೆಯವರು ನಿಮಗೋಸ್ಕರ ತುಂಬಾ ಅತ್ತಿದ್ದಾರೆ ಅಂದರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ಭೂಮಿ ಬಾಯಿ ಬಿಡಬಾರದಾ ಅನಿಸಿತು. ಅಪ್ಪ ರೆಕ್ಕೆ ಕೆಳಗಿಟ್ಟು ನನ್ನ ಕಡೆ ನೋಡಿದರು. ಆಮೇಲೆ ಗುಂಡಣ್ಣನ ಕಡೆ ತಿರುಗಿ, ಹೌದು ಸ್ವಾಮಿ, ಈಚೆಗೆ ಜಾಸ್ತಿ ಆಗಿಬಿಟ್ಟಿದೆ, ಎಷ್ಟು ಗಂಟೆಗೆ ಬರಬೇಕು ಅಂತ ಕೇಳಿದರು.

ಅವರು ಹೋದ ಮೇಲೆ ನನ್ನನ್ನ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಂಗಳವಾರ ಐದೂವರೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು, ಹೊರಡೋಣವಾ ಜಯಾ ಅಂದರು. ನಾನು ಯು.ಕೆ.ಜಿ.ಗೆ, ಅವರು ಒಂದನೇ ತರಗತಿಗೆ.

ಮೂರು ವಾರ ಅವರು ಬಾಯಿ ಬಿಡಲಿಲ್ಲ. ನಾಲ್ಕನೇ ವಾರ, ಯು.ಕೆ.ಜಿ.ಯಲ್ಲಿ ನಾವೆಲ್ಲ ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದ ಹೊತ್ತಲ್ಲಿ, ಪ್ಲೈವುಡ್ ಆಚೆಯಿಂದ ನಿಮ್ಮಪ್ಪನ ಧ್ವನಿ ಕೇಳಿಸಿತು. ನಾನು ವಿಶ್ವನಾಥ, ನಾನೊಬ್ಬ ಕುಡುಕ ಅಂದರು. ಬ್ಯಾಂಕ್ ಕೌಂಟರಲ್ಲಿ ಟೋಕನ್ ನಂಬರ್ ಕೂಗುತ್ತಿದ್ದ ಅದೇ ಧ್ವನಿ. ಆಮೇಲೆ ಹೇಳುತ್ತಾ ಹೋದರು. ಅಕ್ಕಿ ಡಬ್ಬದಲ್ಲಿ ಇಡುತ್ತಿದ್ದೆ, ಅಲ್ಲಿ ಸಿಕ್ಕಿಬೀಳ್ತೀನಿ ಅನಿಸಿದಾಗ ಹಳೇ ಪ್ರೆಷರ್ ಕುಕ್ಕರ್ ಒಳಗೆ ಇಡುತ್ತಿದ್ದೆ. ವಾಸನೆ ಬರದಿರಲಿ ಅಂತ ಲವಂಗ ಅಗಿಯುತ್ತಿದ್ದೆ. ಮಗಳ ಬಾಣಂತನದ ಬ್ರಾಂದಿ ಕುಡಿದು ಟೀ ತುಂಬಿಸಿಟ್ಟೆ. ನನ್ನ ಮನೆಯವರಿಗೆ ಎಲ್ಲ ಗೊತ್ತಿತ್ತು, ಕೇಳಿದರೆ ಎಲ್ಲಿ ಮುರಿದುಹೋಗುತ್ತೋ ಅಂತ ಹೆದರಿ ಕೇಳಲಿಲ್ಲ, ಅದು ಅವರ ತಪ್ಪು, ಅಂದರು.

ಕುಕ್ಕರ್ ವಿಷಯ ಅವರಿಗೆ ಗೊತ್ತಿತ್ತು ಪ್ರಿಯೂ! ಲವಂಗ ಗೊತ್ತಿತ್ತು! ನಾನು ಇಷ್ಟು ವರ್ಷ ಯಾರಿಗೂ ತಿಳಿಯಲ್ಲ ಅಂತ ಬೀಗುತ್ತಿದ್ದೆ. ನನ್ನ ಬದುಕನ್ನೇ ಆ ಮನುಷ್ಯ ನಾನು ನಾನು ಅಂತ ಅಪರಿಚಿತರ ಮುಂದೆ ಹೇಳ್ತಿದ್ದರು. ಯು.ಕೆ.ಜಿ. ಕೋಣೆಯ ಹೆಂಗಸರು ನನ್ನ ಬೆನ್ನು ಸವರಿದರು, ಪಾಪ ಜಯಮ್ಮ ಅಂತ. ಆಮೇಲೆ ಅಪ್ಪ, ಮೊಮ್ಮಗುವಿಗೆ ಸ್ನಾನ ಮಾಡಿಸ್ತಿದ್ದ ಒಂದು ದಿನ, ಅಂತ ಏನೋ ಶುರು ಮಾಡಿದರು. ಕೆಮ್ಮು ಬಂತು. ನೀರು ಕೇಳಿದರು. ಅಷ್ಟಕ್ಕೇ ಕೂತುಬಿಟ್ಟರು.

ಇರು, ಹಾಲಿಟ್ಟಿದ್ದೆ, ನೋಡಿ ಬರ್ತೀನಿ.

ಹಾಲು ಉಕ್ಕಿರಲಿಲ್ಲ. ಸುಮ್ಮನೆ ಎದ್ದು ಹೋದೆ. ಎಲ್ಲಿದ್ದೆ? ಹಾಂ, ನಾಣ್ಯ. ಒಂದು ತಿಂಗಳು ಕುಡಿಯದೆ ಇದ್ದವರಿಗೆ ಅಲ್ಲಿ ಒಂದು ಹಿತ್ತಾಳೆ ನಾಣ್ಯ ಕೊಡ್ತಾರೆ, ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಾರೆ. ಮಾರ್ಚ್ ಕೊನೆಯ ವಾರ ನಿಮ್ಮಪ್ಪನಿಗೆ ಕೊಟ್ಟರು. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದವರಿಗೆ ಮೂವತ್ತು ದಿನದ ನಾಣ್ಯ! ಆ ಚಪ್ಪಾಳೆ ನಾನು ಗೋಡೆ ಈಚೆ ಕೂತು ಕೇಳಿದೆ. ಅವತ್ತು ಮಧ್ಯಾಹ್ನವೂ ನಾನು ಕುಡಿದೇ ಹೋಗಿದ್ದೆ ಪ್ರಿಯೂ. ಆ ಮೂವತ್ತು ದಿನದಲ್ಲಿ ಒಂದು ದಿನವೂ ಬಿಟ್ಟಿರಲಿಲ್ಲ. ಮನೆಗೆ ಬಂದು ಅಪ್ಪ ನಾಣ್ಯ ನನ್ನ ಬಿ.ಪಿ. ಮಾತ್ರೆ ಡಬ್ಬಿಯ ಪಕ್ಕ ಇಟ್ಟರು. ಇದು ನನ್ನದಲ್ಲ ಜಯಾ, ಕಳ್ಳತನ ಮಾಡಿದ ಹಾಗಿದೆ, ಇನ್ನು ನನ್ನ ಕೈಲಿ ಆಗಲ್ಲ ಅಂದರು. ಅವರ ಕಣ್ಣಲ್ಲಿ ನೀರಿತ್ತು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಎರಡನೇ ಸಲ ನೋಡಿದ್ದು.

ಮುಂದಿನ ಶನಿವಾರ, ಏಪ್ರಿಲ್ ಐದು, ಯು.ಕೆ.ಜಿ. ಕೋಣೆಯಲ್ಲಿ ನನ್ನ ಸರದಿ ಬಂತು. ನಮ್ಮ ಮನೆಯವರು ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದೆ. ಕುಲ್ಸುಮ್ ನನ್ನ ಬ್ಯಾಗ್ ಎತ್ತಿ ಕೈಗೆ ಕೊಟ್ಟು, ಬಾಗಿಲು ಆ ಕಡೆ ಇದೆ ಅಕ್ಕಾ ಅಂದಳು. ಆ ಹುಡುಗಿಗೆ ಮೊದಲ ದಿನವೇ ಗೊತ್ತಾಗಿತ್ತು. ಎದ್ದೆ. ಹೊರಗೆ ಬಂದು ನಾಲ್ಕು ಹೆಜ್ಜೆ ಇಟ್ಟರೆ ಒಂದನೇ ತರಗತಿ. ಆ ನಾಲ್ಕು ಹೆಜ್ಜೆಗೆ ಬೆವರು ಸುರಿದು ಹೋಯಿತು. ಬಾಗಿಲು ತಳ್ಳಿದೆ. ಹದಿನೆಂಟು ಗಂಡಸರು, ಯಲಹಂಕದ ಒಬ್ಬ ನರ್ಸ್. ನಾನು ಜಯಾ, ಕುಡಿಯೋದು ಅವರಲ್ಲ, ನಾನು ಅಂದೆ.

ಅಪ್ಪ ಮಾತ್ರೆ ಡಬ್ಬಿ ಪಕ್ಕದಿಂದ ಎತ್ತಿಕೊಂಡು ಬಂದಿದ್ದ ನಾಣ್ಯವನ್ನ ಜೇಬಿಂದ ತೆಗೆದು ಮೇಜಿನ ಮೇಲೆ ಇಟ್ಟರು. ಗುಂಡಣ್ಣ ಅದನ್ನ ನೋಡಿದರು, ಅಪ್ಪನನ್ನ ನೋಡಿದರು, ನನ್ನನ್ನ ನೋಡಿದರು. ಇಪ್ಪತ್ತೆರಡು ವರ್ಷದಿಂದ ಕುಡಿದು ಬಂದು ಕುಡಿದೇ ಇಲ್ಲ ಅನ್ನೋರನ್ನ ನೋಡ್ತಾ ಇದ್ದೀನಿ, ಕುಡೀದೇನೇ ಕುಡುಕ ಅಂದೋರು ನೀವೊಬ್ಬರೇ ಸಾರ್ ಅಂದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ಇಡೀ ಕೋಣೆ ನಕ್ಕಿತು. ಅಪ್ಪನೂ ನಕ್ಕರು. ನಾನು ನಿಂತಲ್ಲೇ ಅತ್ತೆ. ಯಾರೋ ಕುರ್ಚಿ ಎಳೆದು ಕೊಟ್ಟರು. ಒಂದನೇ ತರಗತಿಯ ಕುರ್ಚಿ ಸ್ವಲ್ಪ ದೊಡ್ಡದು, ಕೂರೋಕೆ ಪರವಾಗಿಲ್ಲ.

ಈಗ ಅಪ್ಪ ಯು.ಕೆ.ಜಿ.ಯಲ್ಲಿ ಕೂರ್ತಾರೆ. ಆ ಕೋಣೆಗೆ ಅವರೊಬ್ಬರೇ ಗಂಡಸು. ಹೆಂಗಸರೆಲ್ಲ ಅವರಿಗೆ ಎರಡು ಬಿಸ್ಕತ್ತು ಜಾಸ್ತಿ ಕೊಡ್ತಾರೆ.

ಅವತ್ತಿಂದ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತೆ. ಹನ್ನೆರಡನೇ ದಿನ ಜಾರಿದೆ. ಅದೇ ಅಂಗಡಿ, ಅದೇ ಬಾಣಂತಿ ಮಾತು. ಆ ಶನಿವಾರ ಹೋಗಿ ಎಲ್ಲರ ಮುಂದೆ ಹೇಳಿ, ಜಾರಿದ ಮಾರನೇ ದಿನದಿಂದ ಮತ್ತೆ ಒಂದು ಅಂತ ಎಣಿಸಿದೆ. ಇವತ್ತಿಗೆ ಐವತ್ತೆಂಟು. ನಾಲ್ಕು ಗಂಟೆ ಇನ್ನೂ ಕಷ್ಟ. ನಾಲ್ಕಾದರೆ ಚಪ್ಪಲಿ ಹಾಕಿಕೊಂಡು ಹೊರಟುಬಿಡ್ತೀನಿ, ಒಂದೊಂದು ದಿನ ಹೆಬ್ಬಾಳ ಕೆರೆವರೆಗೂ ನಡೀತೀನಿ. ಒಂದೊಂದು ದಿನ ಕುಲ್ಸುಮ್ ಅಂಗಡಿಯಲ್ಲಿ ಕೂತು ಗುಂಡಿ ಹೊಲೀತೀನಿ. ಸುಮ್ಮನೆ ಕೂರೋದು ಮಾತ್ರ ಬರಲ್ಲ.

ಪಾಪುಗೆ ಹತ್ತು ತಿಂಗಳು. ಹಲ್ಲು ಬಂತು ಅಂತ ಅಪ್ಪ ಹೇಳಿದರು. ಅವಳು ನಮ್ಮ ಮನೆ ನೆಲದ ಮೇಲೆ ಅಂಬೆಗಾಲಿಡೋದನ್ನ ನೋಡಬೇಕು ಅಂತ ಜೀವ ಎಳೆಯುತ್ತೆ ಕಣೇ. ನೀನು ಕೇಳಿದ್ದು ಅಮ್ಮ ಹೇಗಿದ್ದಾಳೆ ಅಂತ. ಹೀಗಿದ್ದಾಳೆ. ಜುಲೈ ಒಂದಕ್ಕೆ ಅವಳನ್ನ ಕರೆದುಕೊಂಡು ಬಾ ಅಂತ ಕೇಳೋ ಧೈರ್ಯ ಇಲ್ಲ, ಆದರೂ ಕೇಳ್ತಾ ಇದ್ದೀನಿ. ಅಪ್ಪ ಇಡೀ ದಿನ ಮನೆಯಲ್ಲೇ ಇರ್ತಾರೆ.

ಚಿರಂತನ್ ಜೊತೆ ಮಾತಾಡಿ ನೋಡು. ಊಟ ಹೊತ್ತಿಗೆ ಸರಿಯಾಗಿ ಮಾಡು, ನೀನು ಸೊರಗಿದ್ದೀಯ ಅಂತ ಅಪ್ಪ ಹೇಳ್ತಿದ್ದರು.

ಗೆರೆ ಬಿಡದೆ ಬರೆಯೋಕೆ ಪ್ರಯತ್ನ ಪಟ್ಟಿರುವ
ನಿನ್ನ ಅಮ್ಮ
ಜಯಾ

ತಾ.ಕ.: ಮೇಲಿನದ್ದನ್ನ ಶನಿವಾರವೇ ಕವರಿಗೆ ಹಾಕಿ ಅಂಟಿಸಿದ್ದೆ. ಅಂಚೆ ಡಬ್ಬದವರೆಗೂ ಹೋಗಿ ವಾಪಸ್ ಬಂದೆ. ಇವತ್ತು ಸೋಮವಾರ. ಕವರು ಹರಿದು ಇದನ್ನ ಸೇರಿಸ್ತಾ ಇದ್ದೀನಿ.

ಪಾಪು ಮೇಲೆ ಬಿಸಿನೀರು ಹಾಕಿದ್ದು ದ್ರೌಪದಮ್ಮ ಅಲ್ಲ. ನಾನು. ಅವತ್ತು ಅವಳು ಬರೋದು ತಡವಾಯಿತು ಅಂತ ನಾನೇ ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ ಪಾಪುನ ಮಲಗಿಸಿಕೊಂಡೆ. ಬೆಳಿಗ್ಗೆಯೇ ಕುಡಿದಿದ್ದೆ. ತಣ್ಣೀರು ಬೆರೆಸೋದು ಮರೆತೆ. ಆಗ ತಾನೇ ಒಳಗೆ ಬಂದ ದ್ರೌಪದಮ್ಮ ಮಗುನ ನನ್ನ ಕಾಲ ಮೇಲಿಂದ ಕಿತ್ತುಕೊಂಡು ನಲ್ಲಿ ಕೆಳಗೆ ಹಿಡಿದಳು. ನೀನು ಓಡಿ ಬಂದಾಗ ಮಗು ಅವಳ ಕೈಯಲ್ಲಿತ್ತು. ನೀನು ಅವಳನ್ನ ಬೈದೆ, ನಾನು ಬಾಯಿ ಮುಚ್ಚಿಕೊಂಡಿದ್ದೆ. ನಮ್ಮ ರಸ್ತೆಯಲ್ಲಿ ಅವಳಿಗೆ ಮೂರು ಮನೆ ಕೆಲಸ ತಪ್ಪಿತು.

ನಿನ್ನೆ ಕೊಡಿಗೇಹಳ್ಳಿಗೆ ಹೋಗಿ ಅವಳ ಮನೆ ಹುಡುಕಿ, ತಪ್ಪಾಯಿತು ಅಂದೆ. ನಂಗ್ಯಾಕಮ್ಮ ಯೋಳ್ತೀಯಾ, ನಾನು ಅಲ್ಲೇ ಇದ್ನಲ್ಲ, ಯೋಳಬೇಕಾದೋರಿಗೆ ಯೋಳು ಅಂದಳು. ಒಂದು ಲೋಟ ನೀರು ಕೊಟ್ಟಳು, ಒಳಗೆ ಕರೆಯಲಿಲ್ಲ.

ಹೇಳಿದ್ದೀನಿ. ಇನ್ನು ಪಾಪುನ ನನ್ನ ಹತ್ತಿರ ಬಿಡದಿದ್ದರೂ ನಾನು ಏನೂ ಕೇಳಲ್ಲ. ಆದರೆ ಎಲ್ಲಿ ಬಿಟ್ಟರೂ ಅವಳಿಗೆ ಎಣ್ಣೆ ನೀರು ಹಾಕೋಕೆ ದ್ರೌಪದಮ್ಮನನ್ನೇ ಕರೆ. ಅವಳ ನಂಬರ್ ಕವರಿನ ಹಿಂದೆ ಬರೆದಿದ್ದೀನಿ.